ಹೆರಿಗೆಗೆ ರಜೆಯಿಲ್ಲ

ನಮ್ಮಪ್ಪ ಬಟ್ಟೆ ಮಿಲ್ಲಿನ ಕೆಲಸಗಾರ. ನಾನು ಹೈಸ್ಕೂಲಿನಲ್ಲಿದ್ದಾಗ ಆ ಮಿಲ್ಲು ನೂಲಿಲ್ಲವೆಂದು ಒಮ್ಮೆ, ಬಟ್ಟೆ ಕೊಳ್ಳುವವರಿಲ್ಲವೆಂದು ಇನ್ನೊಮ್ಮೆ ಬಾಗಿಲು ಹಾಕಿತು. ಎರಡನೆಯ ಸಲ ಬಾಗಿಲು ತೆಗೆದಾಗ ಅರ್ಧ ಜನರನ್ನು ಮಾತ್ರ ಒಳಗೆ ಬಿಟ್ಟುಕೊಂಡರು. ಅಪ್ಪ ಹೊರಗುಳಿದ ಅರ್ಧದಲ್ಲಿದ್ದರು. ಆಮೇಲೆ ತಿಲಕ್ ನಗರದ ನಮ್ಮ ಶೀಟಿನ ಮನೆಯ ಮುಂದೆಯೇ ಸೈಕಲ್ ಪಂಕ್ಚರ್ ಹಾಕುತ್ತ ಕೂತರು. ಒಳಗೆ ಸೇರಿಕೊಂಡ ಹಳೆಯ ಸ್ನೇಹಿತರು ಅದೇ ದಾರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಅವರನ್ನು ಕಂಡರೆ ಅಪ್ಪ ತಲೆ ಎತ್ತುತ್ತಿರಲಿಲ್ಲ. ಟ್ಯೂಬನ್ನು ನೀರಿನಲ್ಲಿ ಅದುಮಿ ಹಿಡಿದು, ಇಲ್ಲದ ತೂತನ್ನು ಹುಡುಕುತ್ತಿದ್ದರು.

ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಅಪ್ಪ ನನ್ನನ್ನು ನರ್ಸ್ ಟ್ರೈನಿಂಗಿಗೆ ಸೇರಿಸುತ್ತೇನೆಂದರು. ಅಮ್ಮ ಅತ್ತು ರಂಪ ಮಾಡಿದಳು.

“ಯಾರ್ಯಾರ್ದೋ ಹೊಲಸು ಬಾಚೋ ಕೆಲ್ಸಕ್ಕೆ ಹಾಕ್ತೀರಾ ಮಗಳನ್ನ? ನಾಳೆ ಯಾರ್ರೀ ಅವಳನ್ನ ಮದ್ವೆ ಆಗ್ತಾರೆ?”

“ಮಿಲ್ ನಿಲ್ಲತ್ತೆ ಅಂತ ನಾವು ಯಾವತ್ತಾದ್ರೂ ಅಂದ್ಕೊಂಡಿದ್ವಾ? ನಿಂತೋಯ್ತಲ್ಲ. ಹೆರಿಗೆ ನಿಲ್ಲಲ್ಲ ಕಣೆ. ಬರ ಬರ್ಲಿ, ಯುದ್ಧ ಬರ್ಲಿ, ಹೆರಿಗೆಗೆ ರಜಾ ಅಂತ ಇಲ್ಲ,” ಎಂದರು ಅಪ್ಪ.

ಮೂರನೆಯ ತರಗತಿ ಓದಿದ್ದ ನಮ್ಮಪ್ಪ ಜೀವನದಲ್ಲಿ ಮಾಡಿದ ಒಂದೇ ಒಂದು ಲೆಕ್ಕಾಚಾರ ಅದು, ಮತ್ತು ಅದು ಸರಿಯಾಗಿತ್ತು. ಟ್ರೈನಿಂಗ್ ಮುಗಿದು ಸ್ವಲ್ಪ ಕಾಲಕ್ಕೆ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನನಗೆ ಕೆಲಸವಾಯಿತು. ಆಸ್ಪತ್ರೆ ಜಯನಗರದಲ್ಲಿತ್ತು, ಮನೆಯಿಂದ ನಡೆದೇ ಹೋಗುತ್ತಿದ್ದೆ. ಕೆಲಸ ಖಾಯಂ ಆದ ದಿನ ಅಪ್ಪ ಬಾಳೆಹಣ್ಣಿನ ಗೊನೆಯನ್ನೇ ತಂದು ಬೀದಿಗೆಲ್ಲ ಹಂಚಿದರು. ಮಿಲ್ಲಿಗೆ ಹೋಗುವ ಸ್ನೇಹಿತರನ್ನೂ ಅವತ್ತು ಅವರೇ ಕೂಗಿ ಕರೆದರು.

ಕೆಲಸ ಸುಲಭದ್ದೇನೂ ಆಗಿರಲಿಲ್ಲ. ಒಂದು ಮಂಚದಲ್ಲಿ ಇಬ್ಬರು ಬಾಣಂತಿಯರು ಮಲಗುತ್ತಿದ್ದ ಕಾಲ. ಸಿರಿಂಜುಗಳನ್ನು ಕುದಿಸಿ ಕುದಿಸಿ ಬಳಸುತ್ತಿದ್ದೆವು. ಫಿನಾಯಿಲ್ ವಾಸನೆ ಕೂದಲಿನಲ್ಲೇ ಉಳಿದುಬಿಡುತ್ತಿತ್ತು. ಆದರೆ ನನಗೆ ಆ ಕೆಲಸ ಬರುತ್ತಿತ್ತು, ಮತ್ತು ಇಷ್ಟವಾಗಿತ್ತು. ಹುಟ್ಟಿದ ಕೂಸು ಅಳುವ ಮೊದಲು ಒಂದು ಗಳಿಗೆ ಸುಮ್ಮನಿರುತ್ತದಲ್ಲ, ಆಗ ಕೋಣೆಯಲ್ಲಿದ್ದವರೆಲ್ಲ ಉಸಿರು ಹಿಡಿಯುತ್ತಾರೆ. ಅದು ಅತ್ತ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಲು ಶುರುಮಾಡುತ್ತಾರೆ. ಎಷ್ಟು ಸಲ ನೋಡಿದರೂ ನನಗೆ ಅದು ಹಳೆಯದಾಗಲಿಲ್ಲ.

ಅಮ್ಮ ಹೆದರಿದ್ದಂತೆ ಗಂಡು ಸಿಗುವುದು ಕಷ್ಟವಾಯಿತು. ನರ್ಸ್ ಅಂದ ಕೂಡಲೇ ಕಾಫಿ ಲೋಟ ಕೆಳಗಿಟ್ಟು ಎದ್ದುಹೋದವರಿದ್ದಾರೆ. ಕೊನೆಗೆ ಬನಶಂಕರಿಯಿಂದ ಒಂದು ಸಂಬಂಧ ಬಂತು. ಹುಡುಗ ಒಬ್ಬನೇ ಮಗ, ತಂದೆಯಿಲ್ಲ, ತಾಯಿ ಇದ್ದಾರೆ. ರೇಡಿಯೋ ಜೋಡಿಸುವ ಒಂದು ಖಾಸಗಿ ಕಾರ್ಖಾನೆಯಲ್ಲಿ ಕೆಲಸ. ನನ್ನ ಕೆಲಸದ ಬಗ್ಗೆ ಆ ತಾಯಿ ಅವತ್ತು ಒಂದೇ ಮಾತು ಕೇಳಿದರು: “ಗಂಡಸರ ವಾರ್ಡಿಗೂ ಹಾಕ್ತಾರಾ?” ಇಲ್ಲ, ಅದು ಹೆರಿಗೆ ಆಸ್ಪತ್ರೆ ಎಂದಾಗ ತಲೆಯಾಡಿಸಿದರು. ಒಪ್ಪಿಗೆ ಎಂದು ನಾವು ತಿಳಿದುಕೊಂಡೆವು.

ನನ್ನ ಗಂಡನ ಮನೆಯಲ್ಲಿ ಆ ಕಾರ್ಖಾನೆಯನ್ನು ‘ಕಂಪನಿ’ ಎನ್ನುತ್ತಿದ್ದರು. ಲೋಕದಲ್ಲಿ ಇರುವುದೇ ಅದೊಂದು ಕಂಪನಿ ಎಂಬ ಹಾಗೆ. ಬೆಳಿಗ್ಗೆ ಕಂಪನಿಯ ಬಸ್ಸು ನಮ್ಮ ಬೀದಿಯ ಮೂಲೆಗೆ ಬರುತ್ತಿತ್ತು. ಬೂದು ಬಣ್ಣದ ಯೂನಿಫಾರ್ಮನ್ನು ಅತ್ತೆಯೇ ಇಸ್ತ್ರಿ ಮಾಡುತ್ತಿದ್ದರು; ಅದಕ್ಕೆ ನನ್ನ ಕೈ ತಾಗಿಸಗೊಡುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಊಟ, ಬೋನಸ್ಸು, ಆಯುಧಪೂಜೆಗೆ ಸ್ವೀಟ್ ಪ್ಯಾಕೆಟ್ಟು, ವರ್ಷಕ್ಕೊಂದು ಸಲ ಮನೆಯವರನ್ನು ಕರೆದುಕೊಂಡು ಹೋಗಿ ಕಾರ್ಖಾನೆ ತೋರಿಸುವ ದಿನ. ಅವತ್ತು ಅತ್ತೆ ಮದುವೆಗೆ ಹೊರಟವರಂತೆ ರೇಷ್ಮೆ ಸೀರೆ ಉಡುತ್ತಿದ್ದರು.

ನಾನು ಡ್ಯೂಟಿ ಮುಗಿಸಿ ಬಂದರೆ ಮುಂಬಾಗಿಲಿಂದ ಒಳಗೆ ಬರುವ ಹಾಗಿರಲಿಲ್ಲ. ಮನೆಯ ಪಕ್ಕದ ಓಣಿಯಲ್ಲಿ ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ತಣ್ಣೀರಿನಲ್ಲಿ ತಲೆಗೆ ಸ್ನಾನ ಮಾಡಿ, ಉಟ್ಟ ಸೀರೆಯನ್ನು ಅಲ್ಲೇ ಹಿಂಡಿ ಹಾಕಿ, ಆಮೇಲೆ ಒಳಗೆ. ಮಾರ್ಗಶಿರದ ಚಳಿಯಲ್ಲೂ ಅದೇ. ನನ್ನ ತಟ್ಟೆ ಲೋಟ ಬೇರೆ ಗೂಡಿನಲ್ಲಿ. ದೇವರ ಮನೆಯ ಹೊಸ್ತಿಲು ದಾಟುವಂತಿಲ್ಲ. ಯಾರಾದರೂ ನೆಂಟರು ಬಂದರೆ ಅತ್ತೆ, “ನಮ್ ಸೊಸೆ ಆಫೀಸಿಗೆ ಹೋಗ್ತಾಳೆ,” ಎನ್ನುತ್ತಿದ್ದರು.

ಗಂಡ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡುವುದಾದರೂ ಸುಲಭವಾಗುತ್ತಿತ್ತು. ಅವರು ಮೆಲ್ಲಗೆ ಮಾತಾಡುವ ಮನುಷ್ಯ. ನಾನು ಬಸುರಿಯಾದಾಗ ಮೆಲ್ಲಗೇ ಕೇಳಿದರು:

“ಬಿಟ್ಬಿಡು ಆ ಕೆಲ್ಸನ. ಅಮ್ಮಂಗೂ ಸಮಾಧಾನ. ನನ್ನ ಸಂಬಳ ಸಾಲ್ದಾ ನಿಂಗೆ?”

“ಸಾಲಲ್ಲ ಅಂತ ಅಲ್ಲಾರೀ. ಖಾಯಂ ಕೆಲ್ಸ. ಒಂದ್ಸಲ ಬಿಟ್ರೆ ಮತ್ತೆ ಸಿಗಲ್ಲ.”

“ಮತ್ತೆ ಯಾಕೆ ಬೇಕು? ಕಂಪನಿ ಇಲ್ವಾ?”

ಅಪ್ಪ ಬದುಕಿದ್ದಿದ್ದರೆ ಜಗಳಕ್ಕೆ ಬರುತ್ತಿದ್ದರೇನೋ. ನನ್ನ ಮದುವೆಯಾದ ಮರುವರ್ಷವೇ ಅವರು ಹೋಗಿಬಿಟ್ಟಿದ್ದರು. ಆಸ್ಪತ್ರೆಯಲ್ಲಿ ನಮ್ಮ ಹೆಡ್ ಸಿಸ್ಟರ್ ಮಂಗಳೂರಿನ ಕಡೆಯವರು, ಗಟ್ಟಿ ಹೆಂಗಸು. ನಾನು ರಾಜೀನಾಮೆ ಕೊಡುತ್ತೇನೆಂದಾಗ ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು.

“ರಜೆ ಹಾಕು ಮಾರಾಯ್ತಿ. ಸಂಬಳ ಇಲ್ಲದ ರಜೆ ಎಷ್ಟು ಬೇಕಾದರೂ ನಾನು ಕೊಡಿಸುತ್ತೇನೆ. ರಾಜೀನಾಮೆ ಮಾತ್ರ ಬೇಡ.”

ಅದನ್ನು ಮನೆಯಲ್ಲಿ ಹೇಳಿದೆ. ಅತ್ತೆ ಅಂದು ಊಟ ಬಿಟ್ಟರು. ಮಾರನೆಯ ದಿನ ಗಂಡ ಕಂಪನಿಗೆ ಅರ್ಧ ದಿನ ರಜೆ ಹಾಕಿ, ನನ್ನ ಜೊತೆಗೇ ಆಸ್ಪತ್ರೆಗೆ ಬಂದರು. ಅವರು ಆ ಕಟ್ಟಡದೊಳಗೆ ಕಾಲಿಟ್ಟದ್ದು ಅದೇ ಮೊದಲು. ಆಫೀಸಿನ ಕೋಣೆಯ ಹೊರಗೆ, ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದರು. ನಾನು ಒಳಗೆ ಹೋಗಿ ಸಹಿ ಹಾಕಿ ಬಂದೆ.

ಟ್ರೈನಿಂಗಿನಲ್ಲಿ ನನ್ನ ಜೊತೆ ಓದಿ ನನ್ನ ಜೊತೆಗೇ ಕೆಲಸಕ್ಕೆ ಸೇರಿದ್ದ ಗೆಳತಿಯೊಬ್ಬಳಿದ್ದಳು. ಗೇಟಿನ ತನಕ ಓಡಿ ಬಂದು, ನನ್ನ ಗಂಡನಿಗೆ ಕೇಳಿಸುವಂತೆಯೇ ಅಂದಳು: “ಇವರ ಕಂಪನಿ ಯಾವನೋ ಒಬ್ಬನ ಸ್ವಂತದ್ದು ಕಣೆ. ಅವನಿಗೆ ಬೇಜಾರಾದ್ರೆ ನಾಳೆ ಮುಚ್ತಾನೆ. ಸರ್ಕಾರ ಮುಚ್ಚತ್ತೇನೆ?”

ಮನೆಯ ಹತ್ತಿರ ಬಂದಾಗ ಗಂಡ, “ಬಾಯಿ ಜಾಸ್ತಿ ಆ ಹುಡುಗಿಗೆ,” ಎಂದರು.

ಆಮೇಲೆ ಕೆಲವು ವರ್ಷ ಚೆನ್ನಾಗಿಯೇ ನಡೆದವು. ಅದನ್ನೂ ಹೇಳಬೇಕು. ಮಗಳು ಹುಟ್ಟಿದಳು. ನಾನು ಮುಂಬಾಗಿಲಿಂದ ಓಡಾಡತೊಡಗಿದೆ, ದೇವರ ಮನೆಯಲ್ಲಿ ದೀಪ ಹಚ್ಚತೊಡಗಿದೆ. ಪುಟ್ಟೇನಹಳ್ಳಿ ಕೆರೆಯ ಕಡೆ ಒಂದು ಸೈಟು ಕೊಂಡೆವು. ಭಾನುವಾರ ಸಂಜೆ ಮೂವರೂ ಅಲ್ಲಿಗೆ ಹೋಗಿ, ರಾಗಿ ಹೊಲದ ಮಧ್ಯೆ ನೆಟ್ಟ ನಾಲ್ಕು ಕಲ್ಲುಗಳ ನಡುವೆ ನಿಂತು, ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ ಎಂದು ಮಾತಾಡಿಕೊಂಡು ಬರುತ್ತಿದ್ದೆವು.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಕಂಪನಿ ಒಣಗತೊಡಗಿತು. ಮೊದಲು ಕರೆಂಟ್ ಕಟ್. ವಾರಕ್ಕೆ ಇಷ್ಟು ದಿನ ಮಿಷನ್ನು ಓಡಿಸುವಂತಿಲ್ಲ ಎಂದಾಯಿತು. ಆಮೇಲೆ ಆರ್ಡರ್ ಇಲ್ಲ. ಜನ ಅಷ್ಟು ದೊಡ್ಡ ಮರದ ಪೆಟ್ಟಿಗೆಯ ರೇಡಿಯೋ ಕೊಳ್ಳುವುದನ್ನು ಬಿಟ್ಟಿದ್ದರು. ಇದನ್ನೆಲ್ಲ ನಮಗೆ ಯಾರೂ ಕೂರಿಸಿ ಹೇಳಲಿಲ್ಲ. ನನಗೆ ಗೊತ್ತಾದದ್ದು ಬಸ್ಸಿನಿಂದ. ಕಾಲಿಡಲು ಜಾಗವಿಲ್ಲದಂತೆ ಬರುತ್ತಿದ್ದ ಬಸ್ಸಿನಲ್ಲಿ ಕಿಟಕಿ ಸೀಟುಗಳು ಖಾಲಿ ಕಾಣತೊಡಗಿದವು. ಆಮೇಲೆ ಅದು ನಮ್ಮ ಬೀದಿಗೆ ಬರುವುದನ್ನು ಬಿಟ್ಟು ಮುಖ್ಯರಸ್ತೆಯಲ್ಲೇ ನಿಂತಿತು. ಕೊನೆಗೆ, ಇನ್ನು ಮೇಲೆ ನೀವೇ ಬನ್ನಿ ಎಂದರು.

ಲೇ-ಆಫ್ ಎಂಬ ಮಾತು ನಮ್ಮ ಮನೆಗೆ ಬಂದದ್ದು ಆಗ. ಬೆಳಿಗ್ಗೆ ಹೋಗಿ ಗೇಟಿನಲ್ಲಿ ಹಾಜರಿ ಹಾಕಿ, ಕೆಲಸವಿಲ್ಲವೆನಿಸಿಕೊಂಡು ವಾಪಸ್ಸು ಬರುವುದು. ಅತ್ತೆ ಯೂನಿಫಾರ್ಮ್ ಇಸ್ತ್ರಿ ಮಾಡುವುದನ್ನು ನಿಲ್ಲಿಸಲಿಲ್ಲ. ನಂತರ ಗೇಟಿಗೇ ಬೀಗ ಬಿತ್ತು. ಲಾಕ್‌ಔಟ್.

ನಮ್ಮ ಬೀದಿಯಲ್ಲಿ ಅಂಥವರು ಇನ್ನೂ ಕೆಲವರಿದ್ದರು. ಬೇರೆ ಬೇರೆ ಕಾರ್ಖಾನೆಯವರು, ಎಲ್ಲ ಕಡೆಯೂ ಅದೇ ಕತೆ. ಬೆಳಗಿನ ತಿಂಡಿ ಆದ ಮೇಲೆ ನಮ್ಮ ಮನೆಯ ಜಗಲಿಯ ಮೇಲೆ ಸೇರುತ್ತಿದ್ದರು. ಯಾವ ಕೆಲಸ ಭದ್ರ, ಯಾವ ಕೆಲಸ ಹೋಗುತ್ತದೆ ಎಂಬುದೇ ದಿನವೂ ಮಾತು.

“ಬ್ಯಾಂಕು ಬಿಡಪ್ಪಾ. ದೇಶ ಮುಳುಗಿದ್ರೂ ಬ್ಯಾಂಕಿನೋರು ಮುಳುಗಲ್ಲ.”

“ಬ್ಯಾಂಕ್ ಯಾಕೆ? ಕರೆಂಟ್ ಆಫೀಸ್ ನೋಡು ಗುರು. ಕರೆಂಟ್ ಇಲ್ಲ ಅಂತ ನಮ್ಗೆ ಕೆಲ್ಸ ಇಲ್ಲ. ಕರೆಂಟ್ ಇಲ್ದಿದ್ರೂ ಅವ್ರಿಗೆ ಸಂಬಳ ಇದೆ!”

“ಮೇಷ್ಟ್ರು ಕೆಲ್ಸ. ಮಕ್ಕಳು ಹುಟ್ತಾನೇ ಇರ್ತಾವೆ.”

“ಎಲ್ಲಕ್ಕಿಂತ ಪರ್ಮನೆಂಟು ಅಂದ್ರೆ ಸುಡುಗಾಡಿಂದು ಕಣ್ರೋ. ಗಿರಾಕಿ ತಪ್ಪಿಸ್ಕೊಳ್ಳೋ ಹಾಗೇ ಇಲ್ಲ.”

ಎಲ್ಲರೂ ನಕ್ಕರು. ನಾನು ಕಾಫಿ ಕೊಡಲು ಬಂದಿದ್ದೆ. ಅವರಲ್ಲಿ ಹಿರಿಯರೊಬ್ಬರು ತಮಾಷೆಗೆ, “ನೀವೇನಂತೀರಮ್ಮಾ?” ಎಂದು ಕೇಳಿದರು.

“ಹೆರಿಗೆ ಮಾಡ್ಸೋರ ಕೆಲ್ಸ,” ಎಂದೆ.

ಯಾರೂ ನಗಲಿಲ್ಲ. ಗಂಡ ಲೋಟ ಕೆಳಗಿಟ್ಟು, ನನ್ನ ಕಡೆ ನೋಡದೆ, “ಒಳಗೆ ಮಗು ಕರೀತಿದೆ ನೋಡು,” ಎಂದರು. ಮಗು ಶಾಲೆಗೆ ಹೋಗಿತ್ತು.

ಆ ದಿನ ಮಧ್ಯಾಹ್ನ ಅತ್ತೆ ಅಕ್ಕಿ ಆರಿಸುತ್ತ ಮಾತು ತೆಗೆದರು.

“ಗಂಡಸರ ಮುಂದೆ ಅವನ ಮಾನ ಕಳೀಬೇಕಿತ್ತಾ?”

“ನಾನೇನು ಸುಳ್ಳು ಹೇಳ್ದೆ ಅತ್ತೆ?”

“ಸುಳ್ಳೋ ನಿಜಾನೋ. ಅಷ್ಟು ಒಳ್ಳೆ ಕೆಲ್ಸ ಆಗಿದ್ರೆ ಯಾಕೆ ಬಿಟ್ಟೆ?”

ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. “ನೀವು ತಾನೆ ಬಿಡು ಅಂದಿದ್ದು? ಊಟ ಬಿಟ್ಟಿರಲ್ಲ!”

“ನಾನು ಹಳೇ ಕಾಲದೋಳು, ನಂಗೇನು ಗೊತ್ತಾಗತ್ತೆ? ಸಿಟ್ಟಲ್ಲಿ ನೂರು ಅಂತೀನಿ. ನೀನು ಓದಿದೋಳು. ಸರ್ಕಾರಿ ಕೆಲ್ಸನ ಯಾರಾದ್ರೂ ಬಿಡು ಅಂದ ತಕ್ಷಣ ಬಿಟ್ಬಿಡ್ತಾರಾ? ಬುದ್ಧಿ ಬೇಡ್ವಾ?”

ಹೇಳಿ, ಮೊರದಲ್ಲಿದ್ದ ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಎಸೆದರು. ಅವರಿಗೆ ಆ ಮಾತಿನಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ತಾನು ಸಿಟ್ಟಿನಲ್ಲಿ ಅಂದದ್ದಷ್ಟೇ, ಕೆಲಸ ಬಿಟ್ಟದ್ದು ನಾನೇ ಎಂದು ನಿಜವಾಗಿ ನಂಬಿಬಿಟ್ಟಿದ್ದರು.

ನಾನು ಹಳೆಯ ಆಸ್ಪತ್ರೆಗೆ ಹೋದೆ. ಹೆಡ್ ಸಿಸ್ಟರ್ ರಿಟೈರಾಗಿ ಊರಿಗೆ ಹೋಗಿದ್ದರು. ಆಫೀಸಿನವರು ಸೌಜನ್ಯವಾಗಿಯೇ ಹೇಳಿದರು: ಬಿಟ್ಟವರನ್ನು ಮತ್ತೆ ಸೇರಿಸಿಕೊಳ್ಳುವ ಪದ್ಧತಿಯಿಲ್ಲ; ಹೊಸದಾಗಿ ಸೇರಲು ವಯಸ್ಸು ಮೀರಿದೆ. ನನ್ನ ಗೆಳತಿ ವಾರ್ಡಿನಲ್ಲಿದ್ದಳು. ಅಂಚು ಗಂಜಿ ಹಾಕಿ ನಿಲ್ಲಿಸಿದ ಬಿಳಿ ಟೋಪಿ, ಕೈಯಲ್ಲಿ ಬೀಗದ ಕೈ ಗೊಂಚಲು. ಆಯಾಗಳು ಅವಳನ್ನು ಕಂಡು ಪಕ್ಕಕ್ಕೆ ಸರಿಯುತ್ತಿದ್ದರು. ಹಿಂದಿನ ಮೆಟ್ಟಿಲ ಮೇಲೆ ಕೂತು ಇಬ್ಬರೂ ಟೀ ಕುಡಿದೆವು.

“ನೀನೇ ಅದೃಷ್ಟವಂತೆ ಕಣೆ,” ಎಂದೆ.

ಅವಳು ನಕ್ಕಳು. ಚೆನ್ನಾದ ನಗುವಲ್ಲ. “ನಮ್ಮಣ್ಣಂದಿರಿಬ್ರಿಗೂ ಕೆಲ್ಸ ಇಲ್ಲ. ನನ್ನ ನೋಡೋಕೆ ಯಾರಾದ್ರೂ ಬರ್ತೀನಿ ಅಂದ್ರೆ ಜಾತಕ ಕೂಡ್ಲಿಲ್ಲ ಅಂತ ಅವ್ರೇ ವಾಪಸ್ ಕಳಿಸ್ತಾರೆ. ಮದ್ವೆ ಮಾಡಿ ಕೊಟ್ರೆ ಸಂಬಳ ಹೋಗತ್ತಲ್ಲ. ನಂದು ಖಾಯಂ ಕೆಲ್ಸ ಕಣೆ. ಆಸ್ಪತ್ರೇಲೂ ಖಾಯಂ, ಮನೇಲೂ ಖಾಯಂ.”

ಒಳಗಿನಿಂದ ಯಾರೋ ಸಿಸ್ಟರ್ ಎಂದು ಕೂಗಿದರು. ಇಬ್ಬರೂ ಒಟ್ಟಿಗೇ ಎದ್ದು ನಿಂತೆವು. ನಾನು ಮತ್ತೆ ಕೂತೆ.

ಜಯನಗರದಲ್ಲಿ ಒಬ್ಬ ಡಾಕ್ಟರು ತಮ್ಮ ಮನೆಯ ಮೇಲಂತಸ್ತಿನಲ್ಲೇ ಸಣ್ಣ ನರ್ಸಿಂಗ್ ಹೋಂ ನಡೆಸುತ್ತಿದ್ದರು. ಅಲ್ಲಿ ನನಗೆ ಕೆಲಸ ಸಿಕ್ಕಿತು. ಸರ್ಕಾರಿ ಸಂಬಳದ ಅರ್ಧವೂ ಇರಲಿಲ್ಲ, ರಜೆಯಿರಲಿಲ್ಲ, ಖಾಯಂ ಎಂಬ ಮಾತೇ ಇರಲಿಲ್ಲ. ಮೊದಲ ದಿನ ಡ್ಯೂಟಿ ಮುಗಿಸಿಕೊಂಡು ಬಂದವಳು ಅಭ್ಯಾಸಬಲದಿಂದ ಪಕ್ಕದ ಓಣಿಗೆ ತಿರುಗಿದೆ. ಮುಂಬಾಗಿಲಲ್ಲಿ ಅತ್ತೆ ನಿಂತಿದ್ದರು.

“ಅಲ್ಯಾಕೆ ಹೋಗ್ತೀಯ? ಬಾ ಇಲ್ಲೇ. ಕಾಲು ತೊಳ್ಕೊಂಡ್ರೆ ಸಾಕು. ಬಿಸಿ ಕಾಫಿ ಮಾಡಿದ್ದೀನಿ.”

ನನ್ನ ಕೈಯಿಂದ ಬ್ಯಾಗನ್ನೂ ಇಸಿದುಕೊಂಡರು. ನಾನು ಅದೇ ಕೈಗಳಿಂದ ಬೆಳಗಿನಿಂದ ಎರಡು ಹೆರಿಗೆ ಮಾಡಿಸಿ ಬಂದಿದ್ದೆ. ಆ ಮೈಲಿಗೆ ಯಾವ ಗಂಗೆಯಲ್ಲಿ ತೊಳೆದುಹೋಯಿತೋ ನನಗೆ ಗೊತ್ತಿಲ್ಲ. ತಿಂಗಳು ತುಂಬಿದ ದಿನ ನನ್ನನ್ನು ದೇವರ ಮನೆಯೊಳಗೆ ಕರೆದು, ಸಂಬಳದ ಲಕೋಟೆಯನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ನನಗೆ ಕೋಪ ಬಂದಿದ್ದರೆ ಚೆನ್ನಾಗಿತ್ತು. ನಾಚಿಕೆಯಾಯಿತು. ಯಾರ ಪರವಾಗಿ ನಾಚಿಕೆಯೆಂದು ಮಾತ್ರ ತಿಳಿಯಲಿಲ್ಲ.

ಗಂಡ ಬೇರೆ ಕೆಲಸಕ್ಕೆ ಹೋಗಲಿಲ್ಲ. ರೇಡಿಯೋ ರಿಪೇರಿ ಅಂಗಡಿಯವರೊಬ್ಬರು ಕರೆದರು; ಕಂಪನಿಯಲ್ಲಿದ್ದವನು ಅಂಗಡಿಯಲ್ಲಿ ಕೂರುವುದೇ ಎಂದರು. ಕೋರ್ಟಿನಲ್ಲಿ ಕೇಸಿತ್ತು. ಇವತ್ತೋ ನಾಳೆಯೋ ಗೇಟು ತೆಗೆಯುತ್ತದೆಂದು ಯೂನಿಯನ್ನಿನವರು ಹೇಳುತ್ತಿದ್ದರು. ದಿನವೂ ಬೆಳಿಗ್ಗೆ ಸೈಕಲ್ ಹತ್ತಿ, ಬೀಗ ಹಾಕಿದ ಆ ಗೇಟಿನ ಮುಂದೆ ಹಾಕಿದ್ದ ಶಾಮಿಯಾನದ ಕೆಳಗೆ ಕೂತು ಬರುತ್ತಿದ್ದರು. ಮಳೆಗೆ ಶಾಮಿಯಾನ ಹರಿದ ಮೇಲೆ ಎದುರಿನ ಹೊಂಗೆ ಮರದ ಕೆಳಗೆ. ಸೈಟು ಮಾರಿದೆವು. ಕೊಂಡವನು ಅದರ ಮೇಲೆ ಮೂರು ಅಂತಸ್ತು ಕಟ್ಟಿದ.

ನನ್ನ ಕೆಲಸವಾದರೂ ಉಳಿಯುತ್ತದೆಂದು ನಾನು ನಂಬಿದ್ದೆ. ಅಪ್ಪನ ಮಾತಿನ ಮೇಲೆ ನನಗೆ ಅಷ್ಟು ವಿಶ್ವಾಸ. ಹೆರಿಗೆಗಳು ನಿಲ್ಲಲಿಲ್ಲ, ಅದು ನಿಜ. ಆದರೆ ನಮ್ಮ ನರ್ಸಿಂಗ್ ಹೋಮಿನ ಮಂಚಗಳು ಖಾಲಿಯಾಗುತ್ತ ಬಂದವು. ಮೂರು ತಿಂಗಳ ಬಸುರಿಯಾಗಿದ್ದಾಗಿನಿಂದ ನಮ್ಮಲ್ಲಿಗೇ ತೋರಿಸಿಕೊಳ್ಳಲು ಬರುತ್ತಿದ್ದ ಒಬ್ಬ ಹೆಣ್ಣುಮಗಳು ದಿನ ತುಂಬುವ ಹೊತ್ತಿಗೆ ಬರುವುದನ್ನು ನಿಲ್ಲಿಸಿದಳು. ಒಂದು ದಿನ ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕಳು. ಕಂಕುಳಲ್ಲಿ ಕೂಸು.

“ಎಲ್ಲಾಯ್ತಮ್ಮಾ ಹೆರಿಗೆ?”

ಅವಳು ನೆಲ ನೋಡಿದಳು. “ಸರ್ಕಾರಿ ಆಸ್ಪತ್ರೇಲಿ ಸಿಸ್ಟರ್. ನಮ್ಮನೆಯವ್ರಿಗೂ ಲೇ-ಆಫ್ ಆಯ್ತು.”

ಆಗ ನನಗೆ ಅರ್ಥವಾಯಿತು. ಗಂಡಂದಿರ ಕೆಲಸ ಹೋದಂತೆಲ್ಲ ಹೆಂಡತಿಯರು ದುಡ್ಡು ಕೊಡಬೇಕಾಗಿಲ್ಲದ ಆಸ್ಪತ್ರೆಗೆ ಹೋಗುತ್ತಿದ್ದರು. ಅಲ್ಲಿ ನನ್ನ ಗೆಳತಿಗೆ ಊಟ ಮಾಡಲು ಬಿಡುವಿರಲಿಲ್ಲ. ಒಂದು ಮಂಚಕ್ಕೆ ಇಬ್ಬರಿದ್ದದ್ದು ಈಗ ನೆಲದ ಮೇಲೂ ಚಾಪೆ ಹಾಸುವಂತಾಗಿತ್ತು. ಇಲ್ಲಿ ನಾನು ಖಾಲಿ ಮಂಚಗಳ ಹೊದಿಕೆ ಬದಲಾಯಿಸುತ್ತಿದ್ದೆ. ಹೆರಿಗೆ ಎಲ್ಲಿಗೂ ಹೋಗಿರಲಿಲ್ಲ. ನಾನು ಬಿಟ್ಟುಬಂದ ಜಾಗಕ್ಕೆ ಹೋಗಿತ್ತು.

ಡಾಕ್ಟರು ನನ್ನನ್ನು ಕರೆದು, “ಪರಿಸ್ಥಿತಿ ನೋಡ್ತಿದ್ದೀರಲ್ಲ ಸಿಸ್ಟರ್. ನಾನೂ ಎಷ್ಟು ದಿನ ಅಂತ ತಳ್ಳಲಿ? ಸರಿಹೋದ ಮೇಲೆ ಹೇಳಿಕಳಿಸ್ತೀನಿ,” ಎಂದರು. ನಮ್ಮ ಮನೆಯಲ್ಲಿ ಗಂಡನ ಬಾಯಿಂದ ದಿನವೂ ಕೇಳುತ್ತಿದ್ದ ಮಾತು ಅದು, ಸರಿಹೋದ ಮೇಲೆ. ನಾನು ಹೊಂಗೆ ಮರದ ಕೆಳಗೆ ಹೋಗಿ ಕೂರಲಿಲ್ಲ. ಕೂರುವ ಅನುಕೂಲ ನನಗಿರಲಿಲ್ಲ.

ಜೆ.ಪಿ. ನಗರದಲ್ಲಿ ಆಗ ಹೊಸ ಮನೆಗಳು ಏಳುತ್ತಿದ್ದವು. ಬ್ಯಾಂಕಿನವರು, ಕರೆಂಟ್ ಆಫೀಸಿನವರು, ಜಗಲಿಯ ಮೇಲೆ ಭದ್ರ ಎಂದು ಹೆಸರಿಸಿಕೊಂಡಿದ್ದ ಕೆಲಸದವರೆಲ್ಲ ಅಲ್ಲಿದ್ದರು. ಅವರ ಮನೆಗಳಿಗೆ ಹೋಗಿ ಕೂಸಿಗೆ ಎಣ್ಣೆ ನೀರು ಹಾಕುವುದು, ಬಾಣಂತಿಯ ಹೊಟ್ಟೆ ಕಟ್ಟುವುದು, ಹಾಸಿಗೆ ಹಿಡಿದ ಮುದುಕರಿಗೆ ಇಂಜೆಕ್ಷನ್, ಗಾಯದ ಡ್ರೆಸ್ಸಿಂಗ್. ಹೀಗೆ ಶುರುವಾಯಿತು. ಟ್ರೈನಿಂಗ್ ಆದ ನರ್ಸ್ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಅವರು ‘ನೀರು ಹಾಕೋಳು ಬಂದ್ಲು’ ಎನ್ನುತ್ತಿದ್ದರು. ಒಂದು ಮನೆಯಲ್ಲಿ ಹಿಂದಿನ ಬಾಗಿಲಿಂದ ಬರಹೇಳಿದರು. ಬಂದೆ. ಅದರಲ್ಲಿ ನನಗೆ ಅಭ್ಯಾಸವಿತ್ತು.

ಕಂಪನಿ ಮತ್ತೆ ತೆಗೆಯಲಿಲ್ಲ. ಕೇಸು ಮುಗಿದು ಬಂದದ್ದು ಸಾಲಕ್ಕೆ ಹೋಯಿತು. ಕೊನೆಗೆ ನನ್ನ ಗಂಡ ಬನಶಂಕರಿಯ ಒಂದು ಕಲ್ಯಾಣಮಂಟಪದಲ್ಲಿ ಪಾತ್ರೆಗಳ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಕೊಳಗ, ಸೌಟು, ಜಮಖಾನೆ ಕೊಡುವುದು, ವಾಪಸ್ಸು ಎಣಿಸಿಕೊಳ್ಳುವುದು. ಮದುವೆಗಳೂ ನಿಲ್ಲುವುದಿಲ್ಲ ಎಂದು ಅವರಿಗೆ ಅಷ್ಟು ಕಾಲಕ್ಕೆ ಗೊತ್ತಾಗಿತ್ತು. ಬೀದಿಯಲ್ಲಿ ಯಾರಾದರೂ ಕೇಳಿದರೆ, “ಮ್ಯಾನೇಜ್ಮೆಂಟ್ ನೋಡ್ಕೋತಿದ್ದೀನಿ,” ಎನ್ನುತ್ತಿದ್ದರು.

ಮಗಳು ಕಾಲೇಜಿಗೆಂದು ಬೇರೆ ಊರಿನ ಹಾಸ್ಟೆಲಿಗೆ ಹೋದ ಹೊತ್ತಿಗೆ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮತ್ತೆ ಎದ್ದು ನಡೆಯಲಿಲ್ಲ. ಯಾರು ನೋಡಿಕೊಳ್ಳಬೇಕೆಂದು ಮನೆಯಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ನಾನು ಹೊರಗಿನ ಮನೆಗಳನ್ನು ಒಂದೊಂದಾಗಿ ಬಿಟ್ಟೆ. ಮೈ ಒರೆಸುವುದು, ಮಗ್ಗುಲು ಬದಲಾಯಿಸುವುದು, ಬೆಡ್‌ಪ್ಯಾನ್ ಇಡುವುದು, ತೆಗೆಯುವುದು, ಬೆನ್ನಿಗೆ ಹುಣ್ಣಾಗದಂತೆ ಪೌಡರು ಹಚ್ಚುವುದು. ಒಂದು ದಿನವೂ ಹುಣ್ಣಾಗಲು ಬಿಡಲಿಲ್ಲ. ಪ್ರೀತಿಯಿಂದ ಮಾಡಿದೆ ಎಂದು ಸುಳ್ಳು ಹೇಳುವುದಿಲ್ಲ. ಕಲಿತ ಕೆಲಸವನ್ನು ಕೆಟ್ಟದಾಗಿ ಮಾಡಲು ನನಗೆ ಬರುವುದಿಲ್ಲ, ಅಷ್ಟೆ.

ಒಂದು ಬೆಳಿಗ್ಗೆ ಮೈ ಒರೆಸುತ್ತಿದ್ದಾಗ ಅತ್ತೆ ಕಣ್ಣು ಮುಚ್ಚಿಕೊಂಡೇ ಅಂದರು:

“ನಿನ್ನ ಕೈ ಹಗುರ ಕಣೆ. ನಂದೇನೋ ಪುಣ್ಯ, ಮನೇಲೇ ನರ್ಸ್ ಇದ್ದಾಳೆ.”

ನರ್ಸ್ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಬಟ್ಟೆ ಹಿಂಡುತ್ತಿದ್ದವಳು ನಿಂತೆ.

“ಸರ್ಕಾರಿ ನರ್ಸ್ ಆಗಿದ್ದೆ ಅತ್ತೆ. ಬಿಡಿಸಿದೋರು ನೀವು. ಈಗ ನಾನು, ನೀವು ಇಬ್ರೇ ಇದ್ದೀವಿ. ಒಂದ್ಸಲ ಹೌದು ಅನ್ನಿ. ಮತ್ತೆ ಯಾವತ್ತೂ ಕೇಳಲ್ಲ.”

ಅವರು ಕಣ್ಣು ತೆರೆದರು. ನನ್ನನ್ನು ನೋಡಿದರು. ಆಮೇಲೆ, “ನೀರು ತಣ್ಣಗಾಯ್ತು ನೋಡು,” ಎಂದರು.

ಒಲೆಯ ಮೇಲಿದ್ದ ಬಿಸಿನೀರು ತಂದು ಬೆರೆಸಿದೆ. ಉಳಿದ ಕಾಲಿನ ಭಾಗ ಒರೆಸಿ ಮುಗಿಸಿದೆ. ಆ ಮಾತು ಮತ್ತೆ ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಅವರು ತೀರಿಕೊಂಡರು.

ಕರ್ಮಾಂತರದ ದಿನ ನೆಂಟರೆಲ್ಲ ಸೇರಿದ್ದರು. ಊಟವಾದ ಮೇಲೆ ನಡುಮನೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಯಾರೋ ನನ್ನ ಗಂಡನಿಗೆ ಹೇಳುವುದು ಕೇಳಿಸಿತು: “ಹಾಸಿಗೆ ಹಿಡಿದ ತಾಯೀನ ಅಷ್ಟು ಚೆನ್ನಾಗಿ ನೋಡ್ಕೊಂಡ್ಯಲ್ಲಪ್ಪಾ. ಈ ಕಾಲದಲ್ಲಿ ಯಾರು ಮಾಡ್ತಾರೆ?”

“ನಮ್ಮಮ್ಮನ್ನ ನಾನು ಯಾವತ್ತೂ ಆಸ್ಪತ್ರೆಗೆ ಹಾಕ್ಲಿಲ್ಲ. ಮನೇಲೇ ನೋಡ್ಕೊಂಡೆ,” ಎಂದರು ಅವರು, ಮೆಲ್ಲಗೆ. ಅವರಿಗೆ ದುಃಖವಿತ್ತು. ಆ ದುಃಖ ನಿಜವಾದದ್ದೇ. ಅದಕ್ಕೇ ನಾನು ಹೊರಗೆ ಬಂದು ಏನೂ ಹೇಳಲಿಲ್ಲ.

ನೆಂಟರು ಹೋಗಿ ಕೆಲವು ದಿನಗಳಾದ ಮೇಲೆ ಜೆ.ಪಿ. ನಗರದಿಂದ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದರು. ಮಗಳ ಬಾಣಂತನ. ಹಿಂದೆ ಆ ಮಗಳ ಅಕ್ಕನಿಗೂ ನಾನೇ ನೀರು ಹಾಕಿದ್ದೆ. ನಾಳೆಯಿಂದ ಬರುತ್ತೀರಾ ಎಂದರು. ಇವತ್ತೇ ಬರುತ್ತೇನೆಂದೆ. ಟ್ರಂಕಿನ ತಳದಿಂದ ಆಸ್ಪತ್ರೆಗೆ ಉಡುತ್ತಿದ್ದ ಬಿಳಿ ಸೀರೆ ತೆಗೆದು ಉಟ್ಟೆ. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಗಂಡ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಅವತ್ತು ಮಂಟಪದಲ್ಲಿ ಮದುವೆಯಿರಲಿಲ್ಲ.

“ಇಷ್ಟು ಹೊತ್ತಲ್ಲಿ ಎಲ್ಲಿಗೆ? ಅಡುಗೆ?”

“ಅಕ್ಕಿ ಡಬ್ಬದಲ್ಲಿದೆ. ಬೇಳೆ ಪಕ್ಕದಲ್ಲಿದೆ. ಮಾಡ್ಕೊಳ್ಳಿ.”

ಅವರು ಪೇಪರ್ ಇಳಿಸಿದರು. ಏನೋ ಹೇಳಲು ಬಾಯಿ ತೆರೆದರು. ಕೇಳಿಸಿಕೊಳ್ಳಲು ನಾನು ನಿಲ್ಲಲಿಲ್ಲ. ಸಂಜೆ ಬಂದಾಗ ಅನ್ನ ತಳ ಹಿಡಿದಿತ್ತು, ಸಾರಿಗೆ ಉಪ್ಪಿರಲಿಲ್ಲ. ಇಬ್ಬರೂ ಅದನ್ನೇ ಉಂಡೆವು.